ಒಂದು ಹಾಡನ್ನು ಹಲವು ಹಸ್ತಪ್ರತಿಗಳಲ್ಲಿ ಓದಿದ ನನ್ನ ಅನುಭವ

12, 13ನೇ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ಟ್ರೂಬಡೂರ್ ಕವಿಗಳು ಆಕ್ಸಿಟನ್ ಭಾಷೆಯಲ್ಲಿ ಕಟ್ಟಿದ ಸುಮಾರು 2,500 ಹಾಡುಗಳು ಉಳಿದಿವೆ. ನಮಗೆ ಸಿಕ್ಕಿರುವುದು ಬೇರೆಯವರು ನಕಲು ಮಾಡಿದ ಹಾಡುಪುಸ್ತಕಗಳು. ಎಷ್ಟೋ ಪುಸ್ತಕಗಳನ್ನು ಬರೆದದ್ದು ಇಟಲಿಯಲ್ಲಿ.

ನಾನು ಆರಿಸಿಕೊಂಡದ್ದು ಬೆರ್ನಾರ್ಟ್ ದೆ ವೆಂಟಡೋರ್ನ್‌ನ ಬಾನಾಡಿ ಹಾಡು, 'ಕಾನ್ ವೇ ಲಾ ಲೌಜೆಟಾ'. ಅಚ್ಚಾದ ಪಠ್ಯವನ್ನು ಪಕ್ಕಕ್ಕಿಟ್ಟೆ. ಅದು ಸಂಪಾದಕರು ಹಲವು ಪ್ರತಿಗಳನ್ನು ಹೋಲಿಸಿ ಕಟ್ಟಿದ್ದು. ನನಗೆ ಒಂದೊಂದು ಪ್ರತಿಯೂ ಅದರದೇ ರೂಪದಲ್ಲಿ ಬೇಕಿತ್ತು. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ಪುಟಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಅವುಗಳನ್ನು ಪರದೆಯ ಮೇಲೆ ಅಕ್ಕಪಕ್ಕ ತೆರೆದಿಟ್ಟೆ. ಪ್ರತಿ ಹಸ್ತಪ್ರತಿಗೂ ಒಂದು ಕಾಲಂ ಮಾಡಿ, ನುಡಿಗಳನ್ನು, ಅಂದರೆ ಹಾಡಿನ ಪದ್ಯಗಳನ್ನು, ಅಲ್ಲಿರುವ ಕ್ರಮದಲ್ಲೇ ಬರೆದುಕೊಂಡೆ.

ಆಗಲೇ ವಿಷಯ ಬಿಚ್ಚಿಕೊಂಡಿತು. ನುಡಿಗಳ ಕ್ರಮ ಪ್ರತಿಯಿಂದ ಪ್ರತಿಗೆ ಬದಲಾಗುತ್ತದೆ. ಹೆಂಗಸರನ್ನೆಲ್ಲ ಇನ್ನು ನಂಬುವುದಿಲ್ಲ ಎನ್ನುವ ನುಡಿ ಮೊದಲೇ ಬಂದರೆ ಹಾಡೆಲ್ಲ ದೂರಿನಂತೆ ಕೇಳುತ್ತದೆ. ಕೊನೆಯ ಹತ್ತಿರ ಬಂದರೆ ಅದೇ ಮಾತು ಸೋತವನ ನಿಟ್ಟುಸಿರು. 'ತ್ರಿಸ್ತಾನ್' ಎಂಬ ಹೆಸರು ಹಿಡಿದು ಯಾರನ್ನೋ ಕರೆಯುವ ಕೊನೆಯ ಸಾಲುಗಳು ಕೆಲವು ಪ್ರತಿಗಳಲ್ಲಿ ಇಲ್ಲವೇ ಇಲ್ಲ. ಯಾವುದು ಮೂಲ ಅಂತ ಹುಡುಕುವುದಕ್ಕಿಂತ, ಪ್ರತಿಯೊಂದೂ ಆ ಕಾಲದ ಒಬ್ಬ ಓದುಗ ಕಂಡ ಹಾಡು ಎಂದು ನೋಡುವುದೇ ನನಗೆ ಸರಿ ಅನಿಸುತ್ತದೆ. ಮಧ್ಯಯುಗದ ಸಾಹಿತ್ಯದ ವಿದ್ವಾಂಸರಾದ ಪಾಲ್ ಜುಂಥೋರ್ 1972ರಲ್ಲೂ ಬೆರ್ನಾರ್ ಸೆರ್ಕಿಲಿನಿ 1989ರಲ್ಲೂ ಇಂಥ ದಾರಿ ತೋರಿಸಿದ್ದರು. ಈಗ ಮನೆಯಲ್ಲೇ ಕೂತು ಆ ದಾರಿ ಹಿಡಿಯಬಹುದು, ಅಲ್ವಾ?

ಅಕ್ಷರ ಗುರುತಿಸಲು ಈಸ್ಕ್ರಿಪ್ಟೋರಿಯಂ ಎಂಬ ಉಚಿತ ತಂತ್ರಾಂಶ ಬಳಸಿದೆ. ಮೊದಲು ಕೆಲವು ಪುಟಗಳನ್ನು ಕೈಯಾರೆ ಬರೆದು ಅದಕ್ಕೆ ಕಲಿಸಬೇಕು. ಲಿಪಿಕಾರರು ಅಕ್ಷರದ ಮೇಲೆ ಗೀಟು ಎಳೆದು ಪದ ಚಿಕ್ಕದು ಮಾಡುತ್ತಾರೆ. ಅದನ್ನು ಬಿಡಿಸದೆ, ಇದ್ದ ಹಾಗೇ ಕಲಿಸಿದೆ. ಬಿಡಿಸುವುದು ಆಮೇಲಿನ ಕೆಲಸ, ಅದು ಓದುವವರ ತೀರ್ಮಾನ. ಯಂತ್ರ ಕೊಟ್ಟ ಸಾಲನ್ನು ಚಿತ್ರದ ಜೊತೆ ತಾಳೆ ನೋಡದೆ ಒಂದನ್ನೂ ಒಪ್ಪಲಿಲ್ಲ.

ಸಂಗೀತದ ಗೆರೆಗಳನ್ನೂ ಬಿಡಬೇಡಿ. ಪ್ಯಾರಿಸ್ ಗ್ರಂಥಾಲಯದ 'ಫ್ರೆಂಚ್ 22543' ಸಂಖ್ಯೆಯ ಹಸ್ತಪ್ರತಿಯಲ್ಲಿ ಈ ಹಾಡಿನ ರಾಗವಿದೆ. ಅದೇ ಪುಸ್ತಕದಲ್ಲಿ ಎಷ್ಟೋ ಹಾಡುಗಳ ಮೇಲೆ ಗೆರೆ ಎಳೆದು, ಸ್ವರ ಬರೆಯದೆ ಖಾಲಿ ಬಿಟ್ಟಿದ್ದಾರೆ. ಅಚ್ಚಿನ ಪಠ್ಯವನ್ನು ಮಾತ್ರ ಓದಿದರೆ ಆ ಖಾಲಿ ಜಾಗ ಕಾಣುವುದೇ ಇಲ್ಲ. ನಾನೀಗ ಟ್ರೂಬಡೂರ್ ಕವಯಿತ್ರಿ ಕೋಮ್ಟೆಸಾ ದೆ ದಿಯಾಳ 'ಆ ಚಾಂತಾರ್' ಹಾಡಿಗೆ ಇದೇ ಕ್ರಮ ಅನುಸರಿಸುತ್ತಿದ್ದೇನೆ. ಅದರ ರಾಗ ಉಳಿದಿರುವುದು 'ಫ್ರೆಂಚ್ 844' ಹಸ್ತಪ್ರತಿಯಲ್ಲಿ ಮಾತ್ರ. ಅಲ್ಲಿನ ಆಕ್ಸಿಟನ್‌ಗೆ ಫ್ರೆಂಚ್ ಬಣ್ಣ ಮೆತ್ತಿಕೊಂಡಿದೆ.