ರೈಲಿನಲ್ಲಿ ಹೋಗಿ ಮೋರ್ಯರ ಗುಡ್ಡ ಸುತ್ತಿ ಬನ್ನಿ

ಅಂಜನಾದ್ರಿಯ ಮೆಟ್ಟಿಲು ಹತ್ತಿ ಇಳಿಯುವವರಿಗೆ ಲೆಕ್ಕವಿಲ್ಲ. ಅದೇ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಊರಿನ ಮೋರ್ಯರ ಗುಡ್ಡವನ್ನು ಕಂಡವರು ಕೊಪ್ಪಳ ಜಿಲ್ಲೆಯಲ್ಲೇ ಕಡಿಮೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ, ಕಬ್ಬಿಣ ಯುಗದ ಸುಮಾರು 400 ಶಿಲಾ ಸಮಾಧಿಗಳು ಅಲ್ಲಿವೆ. 2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಸ್ವಂತ ಗಾಡಿ ಇಲ್ಲದವರೂ ಒಂದೇ ದಿನದಲ್ಲಿ ಹೋಗಿ ಬರಬಹುದು. ಆದರೆ ಹತ್ತಿದ್ದೇ ಒಂದು ಫೋಟೊ ಹೊಡೆದುಕೊಂಡು ಇಳಿಯುವ ಗುಡ್ಡ ಇದಲ್ಲ. ನಿಧಾನವಾಗಿ ಒಂದು ಪೂರ್ತಿ ಸುತ್ತು ಹಾಕಿದರಷ್ಟೇ ಇದು ಕಣ್ಣಿಗೆ ಬೀಳುತ್ತದೆ.

ಯಾವಾಗ ಹೊರಡಬೇಕು

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆ ನಿಂತ ಹೊಸದರಲ್ಲಿ ಗುಡ್ಡ ಹಸಿರಾಗಿರುತ್ತದೆ, ಮೇಲಿನ ಕೆರೆ ತುಂಬಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೇಡವೇ ಬೇಡ. ಈ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾದ ಬಂಡೆ ಕೆಳಗಿನಿಂದಲೂ ಸುಡುತ್ತದೆ. ಮಳೆ ಬೀಳುವಾಗಲೂ ಹೋಗಬೇಡಿ, ಪಾಚಿ ಹಿಡಿದ ಬಂಡೆಯ ಮೇಲೆ ಕಾಲು ನಿಲ್ಲುವುದಿಲ್ಲ.

ರೈಲು

ಕೊಪ್ಪಳ ದಾಟಿ ಗಿಣಿಗೇರಾದಲ್ಲಿ ಕವಲೊಡೆಯುವ ಹಳಿ ಗಂಗಾವತಿ, ಕಾರಟಗಿ ಮಾರ್ಗವಾಗಿ ಈಗ ಸಿಂಧನೂರಿನವರೆಗೂ ಹೋಗುತ್ತದೆ. ಹುಬ್ಬಳ್ಳಿ, ಗದಗ, ಕೊಪ್ಪಳದವರಿಗೆ ಇದು ನೇರ ದಾರಿ. ಬಳ್ಳಾರಿ, ಹೊಸಪೇಟೆ ಕಡೆಯಿಂದ ಬರುವವರು ನೇರ ಗಾಡಿ ಸಿಗದಿದ್ದರೆ ಗಿಣಿಗೇರಾ ಅಥವಾ ಕೊಪ್ಪಳದಲ್ಲಿ ಗಾಡಿ ಬದಲಿಸಬೇಕಾಗುತ್ತದೆ. ಈ ಮಾರ್ಗದಲ್ಲಿ ಗಾಡಿಗಳು ಕಡಿಮೆ, ಆದ್ದರಿಂದ ಹಿಂದಿನ ರಾತ್ರಿಯೇ ರೈಲ್ವೆ ಆ್ಯಪ್‌ನಲ್ಲಿ ಹೋಗುವ ಮತ್ತು ಬರುವ ಎರಡೂ ವೇಳೆಗಳನ್ನು ನೋಡಿ ಬರೆದಿಟ್ಟುಕೊಳ್ಳಿ. ಗುಡ್ಡದ ಮೇಲೆ ಮೊಬೈಲ್ ನೆಟ್‌ವರ್ಕ್ ನಂಬಿ ಕೂರಬಾರದು.

ಇಳಿಯುವುದು ಎಲ್ಲಿ? ಚಿಕ್ಕಬೆಣಕಲ್ ನಿಲ್ದಾಣ ಹತ್ತಿರ. ನಿಮ್ಮ ಗಾಡಿ ಅಲ್ಲಿ ನಿಲ್ಲುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಗಂಗಾವತಿಯಲ್ಲಿ ಇಳಿದು, ಒಂದು ಪ್ಲೇಟು ಒಗ್ಗರಣಿ-ಮಿರ್ಚಿ ತಿಂದು, ಬಸ್ಸಿಗೋ ಆಟೊಗೋ ಹತ್ತಿ. ಹಿರೇಬೆಣಕಲ್ ಅಲ್ಲಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ಆಟೊದವರ ಜೊತೆ ಸಂಜೆಯ ವಾಪಸಾತಿಯನ್ನೂ ಆಗಲೇ ಮಾತಾಡಿಕೊಳ್ಳಿ.

ಬೆನ್ನಿಗೆ ಏನಿರಬೇಕು

ಒಬ್ಬರಿಗೆ ಮೂರು ಲೀಟರ್ ನೀರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಬೆಲ್ಲ. ಇಂಥ ಬುತ್ತಿ ಬಿಸಿಲಿಗೆ ಕೆಡುವುದಿಲ್ಲ. ಹಿಡಿತವಿರುವ ಬೂಟು, ಟೋಪಿ, ಕಾರೆ ಮುಳ್ಳು ಗೀರದಂತೆ ಉದ್ದ ಪ್ಯಾಂಟು. ಊರಿನಲ್ಲಿ ದಾರಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು, ಅವರ ಒಂದು ದಿನದ ಕೂಲಿ ಕೊಡಿ. ಇದನ್ನು ಮಾತ್ರ ತಪ್ಪಿಸಬೇಡಿ. ದನ-ಕುರಿ ಮೇಯಿಸುವವರ ಕಾಲುದಾರಿಗಳು ಗುಡ್ಡದ ತುಂಬ ಹರಡಿಕೊಂಡಿವೆ, ಯಾವುದು ಎಲ್ಲಿಗೆ ಎಂಬುದು ಹೊಸಬರಿಗೆ ತಿಳಿಯುವುದಿಲ್ಲ.

ಹತ್ತುವುದು

ಊರಿನಿಂದ ಮೇಲಿನ ತಾಣಕ್ಕೆ ಸುಮಾರು ಮೂರು ಕಿ.ಮೀ. ಎಂದಿಟ್ಟುಕೊಳ್ಳಿ. ಕಾಲುದಾರಿ ಏರುತ್ತ, ಇಳಿಯುತ್ತ, ಮತ್ತೆ ಏರುತ್ತ ಹೋಗುತ್ತದೆ. ಅಕ್ಕಪಕ್ಕ ಬಂದರಿಕೆ, ಕವಳಿ, ಬಾರಿ ಗಿಡಗಳ ಕುರುಚಲು ಕಾಡು. ಇಂಥ ಬಂಡೆಗುಡ್ಡಗಳಲ್ಲಷ್ಟೇ ಬದುಕುವ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಪೊದೆಗಳ ಕಡೆ ಒಂದು ಕಣ್ಣಿಡಿ.

ದಾರಿಯಲ್ಲಿ ಕೆಲವು ಬಂಡೆಗಳ ಮಾಡಿನಡಿ ಕಾವಿಬಣ್ಣದ ಚಿತ್ರಗಳಿವೆ: ಮನುಷ್ಯರು, ಜಿಂಕೆ, ಗೂಳಿ. ಬಣ್ಣ ಎದ್ದು ಕಾಣಲಿ ಎಂದು ಕೆಲವರು ಚಿತ್ರಕ್ಕೆ ನೀರು ಎರಚಿ ಫೋಟೊ ತೆಗೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒದ್ದೆಯಾಗಿ ಒಣಗಿದಂತೆಲ್ಲ ಬಂಡೆಯ ಮೇಲೆ ಬಿಳಿ ಉಪ್ಪು ಕಟ್ಟಿ ಚಿತ್ರ ಮಾಸುತ್ತದೆ. ಬೆರಳಿನಿಂದ ಸವರುವುದೂ ಬೇಡ.

ಮೇಲಿನ ಸುತ್ತು

ಸಮಾಧಿಗಳ ನಡುವೆ ಒಂದು ಕೆರೆಯಿದೆ. ಗುಡಿ ಸುತ್ತುವ ರೀತಿಯಲ್ಲೇ ಅದನ್ನು ಬಲಕ್ಕಿಟ್ಟುಕೊಂಡು ನಡೆಯಲು ಶುರುಮಾಡಿ. ನೀರು ಕಣ್ಣಳತೆಯಲ್ಲಿ ಇರುವಷ್ಟು ಹೊತ್ತು ದಿಕ್ಕು ತಪ್ಪುವುದಿಲ್ಲ, ಹೊರಟ ಜಾಗಕ್ಕೇ ಬಂದು ಸೇರುತ್ತೀರಿ. ಸಮಾಧಿಗಳಿಗೆ ಬೇಕಾದ ಚಪ್ಪಡಿಗಳನ್ನು ಇಲ್ಲೇ ಎಬ್ಬಿದ್ದರಿಂದ ಉಂಟಾದ ತಗ್ಗೇ ಕೆರೆಯಾಯಿತು ಎಂಬುದು ಸಂಶೋಧಕರ ಅಭಿಪ್ರಾಯ. ಅಷ್ಟು ತೆಳು ಚಪ್ಪಡಿಗಳು ಸಿಕ್ಕಿದ್ದು ಹೇಗೆಂದು ತಿಳಿಯಬೇಕಾದರೆ ಕಾಲ ಕೆಳಗಿನ ಬಂಡೆಯನ್ನೇ ನೋಡಿ. ಇಲ್ಲಿನ ಗ್ರಾನೈಟ್ ಬಿಸಿಲು-ಚಳಿಗೆ ಹಿಗ್ಗಿ ಕುಗ್ಗಿ ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಆ ಜನ ಬಂಡೆಯ ಈ ಗುಣವನ್ನು ಅರಿತು ಕೆಲಸ ಮಾಡಿದ್ದಾರೆ.

ಈಗ ಒಂದು ದೊಡ್ಡ ಸಮಾಧಿಯ ಮುಂದೆ ಕುಳಿತು ಜೋಡಣೆ ಗಮನಿಸಿ. ಕೆಲವು ಆಳೆತ್ತರವನ್ನೂ ಮೀರುತ್ತವೆ. ನಾಲ್ಕು ಕಡೆಗೆ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚಿಗೆ. ಗಾರೆಯಿಲ್ಲ, ಕಬ್ಬಿಣದ ಪಟ್ಟಿಯಿಲ್ಲ. ಒಂದು ಚಪ್ಪಡಿಯ ಅಂಚು ಪಕ್ಕದ್ದನ್ನು ದಾಟಿ ಮುಂದೆ ಚಾಚಿರುತ್ತದೆ, ಅದರದ್ದು ಅದರ ಪಕ್ಕದ್ದನ್ನು. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಒಂದು ಒಳಗೆ ಬೀಳಬೇಕೆಂದರೆ ಇನ್ನೊಂದು ಅಡ್ಡ ನಿಂತಿರುತ್ತದೆ, ಮೇಲಿನ ಮುಚ್ಚಿಗೆಯ ಭಾರ ಎಲ್ಲವನ್ನೂ ಅದುಮಿ ಹಿಡಿದಿರುತ್ತದೆ. ಹಲವು ಸಮಾಧಿಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯೂ ಇದೆ. ಮೂರು ಗೇಣು ಎತ್ತರದ ಮೋರ್ಯರು ಎಂಬ ಕುಳ್ಳರು ಕಟ್ಟಿಕೊಂಡ ಮನೆಗಳಿವು ಎಂಬ ಕತೆ ಊರಿನಲ್ಲಿ ಹುಟ್ಟಿದ್ದು ಸಹಜವೇ. ಕಿಂಡಿ ನೋಡಿದವರಿಗೆ ಮನೆಯ ಬಾಗಿಲೇ ನೆನಪಾಗಬೇಕು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಹತ್ತೊಂಬತ್ತನೇ ಶತಮಾನದಲ್ಲೇ ಈ ಗುಡ್ಡದ ಬಗ್ಗೆ ಬರೆದಿದ್ದಾರೆ.

ಮುರಿದು ಬಿದ್ದ ಸಮಾಧಿಗಳೂ ಬೇಕಾದಷ್ಟಿವೆ. ಎಲ್ಲವೂ ತಾವಾಗಿ ಬಿದ್ದವಲ್ಲ, ನಿಧಿ ಆಸೆಗೆ ಕೆಡವಿದವೂ ಇವೆ. ಸಾವಿರಾರು ವರ್ಷ ಗಾಳಿ ಮಳೆಗೆ ಜಗ್ಗದೆ ನಿಂತದ್ದನ್ನು ಒಂದು ರಾತ್ರಿಯಲ್ಲಿ ಹಾರೆ ಹಾಕಿ ಎಬ್ಬಿಸಿದ್ದಾರೆ ಎಂದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಸಿಕ್ಕುವ ಬೋಕಿ ಚೂರನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಬಿದ್ದಿರುವ ಜಾಗವೇ ಸಂಶೋಧಕರಿಗೆ ಸಾಕ್ಷಿ. ಮುಚ್ಚಿಗೆಯ ಮೇಲೆ ಹತ್ತಿ ನಿಲ್ಲುವುದು, ಕಿಂಡಿಯೊಳಗೆ ತೂರುವುದು, ಹೆಸರು ಕೆತ್ತುವುದು, ಇವು ಯಾವುವೂ ಕೂಡದು.

ನಗಾರಿ ಕಲ್ಲನ್ನು ತೋರಿಸಿ ಎಂದು ಜೊತೆಗಿದ್ದವರನ್ನು ಕೇಳಿ. ಸುಮಾರು 10 ಮೀಟರ್ ಎತ್ತರದ ಬಂಡೆಯ ನೆತ್ತಿಯ ಮೇಲೆ ಕೂತ ಅರೆಗೋಳದ ಗುಂಡು ಅದು. ಬಡಿದರೆ ದೂರದವರೆಗೆ ನಗಾರಿಯಂತೆ ಮೊಳಗುತ್ತದೆ. ಬಂಡೆಯ ಸಂದಿನಲ್ಲಿ ಹತ್ತುವ ದಾರಿ ಅಪಾಯದ್ದು, ಅಭ್ಯಾಸ ಇಲ್ಲದವರು ಕೆಳಗೇ ನಿಂತು ನೋಡಿದರೆ ಸಾಕು.

ಇಳಿಯುವುದು

ಮಧ್ಯಾಹ್ನ ಮೂರಕ್ಕೆ ಇಳಿಯಲು ಶುರುಮಾಡಿ, ಅದಕ್ಕಿಂತ ತಡ ಬೇಡ. ಈ ಸೀಮೆಯ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಎರಡೂ ಕತ್ತಲಾಗುವ ಹೊತ್ತಿಗೆ ಓಡಾಡುವ ಪ್ರಾಣಿಗಳು. ಚದುರಬೇಡಿ, ಮಾತಾಡುತ್ತ ಇಳಿಯಿರಿ. ಕರಡಿಗೆ ದೂರದಿಂದಲೇ ಸದ್ದು ಕೇಳಿದರೆ ಅದು ತಾನೇ ದಾರಿ ಬಿಡುತ್ತದೆ, ಎದುರಾಎದುರು ಬೆಚ್ಚಿದಾಗಲೇ ಮೇಲೆ ಬೀಳುವುದು ಹೆಚ್ಚು. ಸೀತಾಫಲ, ಬಾರಿಹಣ್ಣಿನ ಕಾಲದಲ್ಲಿ ಪೊದೆಗಳ ಹತ್ತಿರ ಇನ್ನೂ ಎಚ್ಚರ. ಒಯ್ದ ಪ್ಲಾಸ್ಟಿಕ್ ಎಲ್ಲವೂ ಚೀಲದಲ್ಲೇ ವಾಪಸ್ ಬರಲಿ.

ಊರಿಗೆ ಬಂದು ಕೈಕಾಲು ತೊಳೆದು ಗಂಗಾವತಿ ದಾರಿ ಹಿಡಿಯಿರಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬೆಳೆಯುವ ಭತ್ತದ ಗದ್ದೆಗಳು ಈ ತಾಲ್ಲೂಕಿನ ಹೆಸರು ಹೇಳಿಸಿದವು. ಬೆಳಿಗ್ಗೆ ಚಿಕ್ಕಬೆಣಕಲ್‌ನಲ್ಲಿ ಇಳಿದವರು ಸಂಜೆ ಗಂಗಾವತಿಯಲ್ಲಿ ರೈಲು ಹತ್ತಿದರೆ ಅವನ್ನೂ ನೋಡಿದಂತಾಗುತ್ತದೆ. ಗಾಡಿ ತಪ್ಪಿದರೆ ಗಾಬರಿ ಬೇಡ, ಗಂಗಾವತಿ ಬಸ್ ನಿಲ್ದಾಣದಿಂದ ಕೊಪ್ಪಳ, ಹೊಸಪೇಟೆ ಎರಡೂ ಕಡೆಗೆ ಬಸ್‌ಗಳಿವೆ.