ಬಾಡಿಗೆ ಕರಾರಿಗೆ ಮೊದಲು ನೋಡಬೇಕಾದ ಕಾಗದಗಳು

ಮರಗೆಲಸದ ಸಣ್ಣ ಘಟಕಕ್ಕೆ ಪರವಾನಗಿ ಪಡೆಯುವಾಗ ನಾನು ಹಿಡಿದ ಕ್ರಮವಿದು. ಅರ್ಜಿ ನಮೂನೆ, ಶುಲ್ಕ, ಇಲಾಖೆಯ ಹೆಸರು ಒಂದೊಂದು ಕಡೆ ಒಂದೊಂದು ಥರ. ಆದರೆ ಪರವಾನಗಿ ಸಾಮಾನ್ಯವಾಗಿ ಇಂಥ ವಿಳಾಸದಲ್ಲಿ ಇಂಥ ಕೆಲಸ ಮಾಡುವುದಕ್ಕೆ ಸಿಗುತ್ತದೆ. ಜಾಗ ತಪ್ಪಾದರೆ ಉಳಿದ ಕಾಗದಗಳೆಲ್ಲ ದಂಡ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಯೋಜನಾ ಕಚೇರಿಯಲ್ಲಿ ಭೂಬಳಕೆ ನಕ್ಷೆ ನೋಡಿದೆ. ವಾಣಿಜ್ಯ ವಲಯ ಎಂದಿದ್ದರೆ ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. ನಕ್ಷೆಯ ಜೊತೆಗಿರುವ ನಿಯಮಾವಳಿ ತೆರೆದರೆ ನೇರವಾಗಿ ಬಿಡುವ ಬಳಕೆ, ಷರತ್ತಿನ ಮೇಲೆ ಬಿಡುವ ಬಳಕೆ, ನಿಷಿದ್ಧ ಬಳಕೆ ಎಂದು ಪಟ್ಟಿಯೇ ಇರುತ್ತದೆ. ಕಪಾಟು ಮಾರುವುದು ಮೊದಲನೆಯದರಲ್ಲಿದ್ದು, ಅದೇ ಕಪಾಟು ತಯಾರಿಸುವುದು ಮೂರನೆಯದರಲ್ಲಿ ಇರಬಹುದು. ಕೌಂಟರಿನಲ್ಲಿ ‘ಆಗುತ್ತೆ ಬಿಡಿ’ ಎಂದವರ ಮಾತು ಮುಂದೆ ಯಾವ ಕಡತದಲ್ಲೂ ಸಿಗುವುದಿಲ್ಲ. ಅರ್ಜಿ ಕೊಟ್ಟು ಲಿಖಿತ ಹಿಂಬರಹ, ಅಂದರೆ ಕಚೇರಿಯ ಅಧಿಕೃತ ಉತ್ತರ, ತೆಗೆದುಕೊಳ್ಳಿ.

ವಲಯ ಸರಿಯಿದ್ದರೂ ಕಟ್ಟಡ ಸಿಕ್ಕಿಹಾಕಿಸಬಹುದು. ಮಾಲೀಕರಿಂದ ಮಂಜೂರಾದ ನಕ್ಷೆ ಪಡೆದು, ಟೇಪು ಹಿಡಿದು ಮಳಿಗೆಯ ಜೊತೆ ತಾಳೆ ನೋಡಿದೆ. ನಕ್ಷೆಯಲ್ಲಿ ‘ಗೋದಾಮು’ ಎಂದಿರುವ ಕೋಣೆಯಲ್ಲಿ ಜನ ಕೂತು ಕೆಲಸ ಮಾಡಿದರೆ ಅದು ಬಳಕೆ ಬದಲಾವಣೆ. ಆಗ ತುರ್ತು ಬಾಗಿಲು, ಶೌಚಾಲಯ, ಪಾರ್ಕಿಂಗ್‌ಗಳ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ನಕ್ಷೆಯಲ್ಲಿ ಇಲ್ಲದ ಅಟ್ಟ, ಹಿಂಬಾಗಿಲಿಗೆ ಅಡ್ಡವಾಗಿ ಕಟ್ಟಿದ ಗೋಡೆ, ಇವೆರಡೂ ಪರಿಶೀಲನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವಂಥವು.

ಅರ್ಜಿಯಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟಿದ್ದು ‘ವ್ಯವಹಾರದ ಸ್ವರೂಪ’ ಎಂಬ ಖಾನೆಗೆ. ಬರೀ ‘ಮರಗೆಲಸ’ ಎಂದು ಬರೆದರೆ ದಿಮ್ಮಿ ಕೊಯ್ಯುವ ಸಾಮಿಲ್ಲಿನ ಸಾಲಿಗೂ ಸೇರಿಸಬಹುದು. ನಾನು ಬರೆದದ್ದು: ‘ಸಿದ್ಧ ಹಲಗೆಗಳಿಂದ ಕಪಾಟು ತಯಾರಿಕೆ, ದಿಮ್ಮಿ ಕೊಯ್ಯುವುದಿಲ್ಲ, ಸ್ಪ್ರೇ ಪಾಲಿಶ್ ಇಲ್ಲ, ಮೋಟಾರು ಒಟ್ಟು 7 ಎಚ್‌ಪಿ, ಕೆಲಸಗಾರರು 3, ಬೆಳಿಗ್ಗೆ 9ರಿಂದ ಸಂಜೆ 6.’ ಸ್ಪ್ರೇ ಪಾಲಿಶ್ ಸೇರಿದರೆ ಪಾಲಿಶ್ ತೆಳು ಮಾಡುವ ಥಿನ್ನರ್‌ನ ದಾಸ್ತಾನು, ಅದರ ಆವಿ ಹೊರಹಾಕುವ ವ್ಯವಸ್ಥೆ, ಅಗ್ನಿಶಾಮಕದವರ ಪ್ರಶ್ನೆ ಎಲ್ಲ ಜೊತೆಗೇ ಬರುತ್ತವೆ. ಹಾಗಂತ ಮಾಡುವ ಕೆಲಸವನ್ನು ಮುಚ್ಚಿಡಬಾರದು. ಬೆಂಕಿ ಬಿದ್ದ ದಿನ ವಿಮೆಯವರು ಮೊದಲು ಓದುವುದು ಅದೇ ಸಾಲನ್ನು.

ವಿದ್ಯುತ್ ಲೆಕ್ಕ ಹೀಗೆ: ಪ್ರತಿ ಮೋಟಾರಿನ ಹೆಸರುಫಲಕ ಓದಿ ಎಚ್‌ಪಿ ಕೂಡಿಸಿ, 0.746ರಿಂದ ಗುಣಿಸಿದರೆ ಕಿಲೋವ್ಯಾಟ್. ಗರಗಸ 3 ಎಚ್‌ಪಿ, ರಂದ 2 ಎಚ್‌ಪಿ, ಧೂಳು ಎಳೆಯುವ ಯಂತ್ರ 2 ಎಚ್‌ಪಿ. ಒಟ್ಟು 7 ಎಚ್‌ಪಿ ಅಂದರೆ ಸುಮಾರು 5.2 ಕಿಲೋವ್ಯಾಟ್. ಫಲಕದಲ್ಲಿರುವುದು ಮೋಟಾರು ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಅದಕ್ಕಿಂತ ಹೆಚ್ಚು. ಜೊತೆಗೆ ದೀಪ, ಫ್ಯಾನು. ಮಳಿಗೆಯ ಮಂಜೂರಾದ ಲೋಡು (ವಿದ್ಯುತ್ ಸಂಪರ್ಕಕ್ಕೆ ಒಪ್ಪಿಗೆಯಾದ ಮಿತಿ) 3 ಕಿಲೋವ್ಯಾಟ್ ಆಗಿದ್ದರೆ ಹೆಚ್ಚಿಸಲು ಬೇರೆ ಅರ್ಜಿ ಬೇಕು. ಅದಕ್ಕೆ ಸಮಯ ಹಿಡಿಯುವುದರಿಂದ ವ್ಯಾಪಾರ ಪರವಾನಗಿಯ ಅರ್ಜಿಯ ಜೊತೆಜೊತೆಗೇ ಹಾಕುವುದು ವಾಸಿ.

ಇಷ್ಟು ತಿಳಿದ ಮೇಲೆಯೇ ಕರಾರು. ಅದರಲ್ಲಿ ಎರಡು ಮಾತು ಇರಲೇಬೇಕು: ಈ ಬಳಕೆಗೆ ಮಾಲೀಕರ ಒಪ್ಪಿಗೆ ಇದೆ; ಪರವಾನಗಿ ಸಿಗದಿದ್ದರೆ ಕರಾರು ರದ್ದಾಗಿ ಮುಂಗಡ ವಾಪಸ್. ಎರಡನೆಯದಕ್ಕೆ ಒಪ್ಪದ ಮಾಲೀಕರ ಮಳಿಗೆಯನ್ನು ನಾನಾದರೆ ಬಿಟ್ಟುಬಿಡುತ್ತೇನೆ. ಬಾಗಿಲು ಸಂಖ್ಯೆ ಕರಾರು, ತೆರಿಗೆ ರಸೀದಿ, ವಿದ್ಯುತ್ ಬಿಲ್ಲು ಮೂರರಲ್ಲೂ ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ ಹಳೇ ನಂಬರು, ಇನ್ನೊಂದರಲ್ಲಿ ಹೊಸದು ಇದ್ದರೆ ಅರ್ಜಿ ವಾಪಸ್ ಬರುವುದು ಬಹುತೇಕ ಖಚಿತ.

ನಾಮಫಲಕಕ್ಕೆ ಹಲವೆಡೆ ಬೇರೆಯೇ ಅನುಮತಿ ಬೇಕು. ನವೀಕರಣದ ದಿನಾಂಕವೂ ಒಂದೊಂದು ಪರವಾನಗಿಗೆ ಒಂದೊಂದು ಇರುವುದರಿಂದ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಹೊಸ ಯಂತ್ರ ತರುವ ಮುನ್ನ ಅದರ ಎಚ್‌ಪಿಯನ್ನೂ ಪರವಾನಗಿಗೆ ಸೇರಿಸಿಸಬೇಕು.