ಮಳೆಗಾಲದಲ್ಲಿ ಕೇರಂ ಬೋರ್ಡ್ ಜಾರದಿದ್ದಾಗ ನಾನು ಮಾಡಿದ್ದು

ಆಷಾಢದ ಜಡಿಮಳೆ ಹಿಡಿದರೆ ತೀರ್ಥಹಳ್ಳಿ ಕಡೆ ಉಪ್ಪಿನ ಭರಣಿಯಲ್ಲೇ ನೀರು ನಿಲ್ಲುತ್ತದೆ, ಇನ್ನು ಕೇರಂ ಬೋರ್ಡಿನ ಗತಿ ಕೇಳಬೇಕೆ? ಬೇಸಿಗೆಯಲ್ಲಿ ಮೂರು ಅಂಚಿಗೆ ಬಡಿದು ಬರುತ್ತಿದ್ದ ಸ್ಟ್ರೈಕರ್ ಈಗ ಎದುರಿನ ಅಂಚು ಮುಟ್ಟುವಷ್ಟರಲ್ಲೇ ಸುಸ್ತು. "ಇನ್ನೊಂಚೂರು ಪೌಡರ್ ಹಾಕೋ" ಅಂದರು ಮನೆಯವರು. ಹಾಕಿದಷ್ಟೂ ಕೆಟ್ಟಿತು.

ಬೆರಳಲ್ಲಿ ಉಜ್ಜಿ ನೋಡಿದೆ, ಪೌಡರ್ ಸಣ್ಣ ಸಣ್ಣ ಉಂಡೆ ಕಟ್ಟಿತ್ತು. ಒಣಗಿದ್ದರೆ ಬೋರಿಕ್ ಪೌಡರು ಮರಕ್ಕೂ ಕಾಯಿಗೂ ನಡುವೆ ಜಾರುವ ಪದರ. ಗಾಳಿಯ ತೇವ ಸೇರಿತೋ, ಕಣಗಳ ಸಂದಿಯಲ್ಲಿ ತೆಳ್ಳಗೆ ನೀರು ನಿಂತು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಘರ್ಷಣೆ ಏರುತ್ತದೆ. ಪ್ಲೈವುಡ್ಡೂ ತೇವ ಕುಡಿಯುತ್ತದೆ.

ಹಳೇ ಪೌಡರನ್ನೆಲ್ಲ ಒಣ ಹತ್ತಿಬಟ್ಟೆಯಲ್ಲಿ ಒರೆಸಿ ತೆಗೆದೆ. ಬೋರ್ಡಿನ ನಡುಮಧ್ಯಕ್ಕೆ, ಒಂದೂವರೆ ಮೊಳ ಎತ್ತರದಲ್ಲಿ, 100 ವ್ಯಾಟಿನ ಹಳೇ ಕಾಲದ ಬಲ್ಬ್ ತೂಗುಹಾಕಿ ಅರ್ಧ ಗಂಟೆ ಬಿಟ್ಟೆ. ಎಲ್‌ಇಡಿ ಇದಕ್ಕೆ ಆಗದು. ಬೆಳಕು ಬರುತ್ತದೆ, ಶಾಖ ಸಾಲದು. ಒಲೆ ಪಕ್ಕ ಒರಗಿಸುವುದಂತೂ ಬೇಡವೇ ಬೇಡ, ಒಂದೇ ಮಗ್ಗುಲು ಕಾದರೆ ಹಲಗೆ ಬಾಗುತ್ತದೆ. ಆಮೇಲೆ ಹೊಸ ಪೌಡರ್, ಅದೂ ಚಿಟಿಕೆಯಷ್ಟೇ.

ಸ್ಟ್ರೈಕರ್ ಮತ್ತೆ ಸರ್ರನೆ ಓಡಿತು. ಈಗ ಪೌಡರ್ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೊಂದು ಇದೆ, ಆಟ ಮುಗಿಯುವವರೆಗೂ ಬಲ್ಬ್ ಉರಿಯುತ್ತದೆ. ಬೋರಿಕ್ ಹೊಟ್ಟೆಗೆ ಹೋಗಬಾರದು, ಬೋಂಡಾ ತಟ್ಟೆಗೆ ಕೈ ಹಾಕುವ ಮೊದಲು ತೊಳೆದುಕೊಳ್ಳಿ.